ಕನ್ನಡಕದ ಮಾವ ನೀಲಿಗೆ ಬಿದ್ದದ್ದು

ಬೀದಿಯ ತಿರುವಿನಲ್ಲಿ, ಬೇಕರಿಗೂ ಟೈಲರ್ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತಿದ್ದ ಕನ್ನಡಕದ ಅಂಗಡಿಯಲ್ಲಿ ಒಂದು ವಿಚಿತ್ರವಿತ್ತು. ಅದು ವಿಚಿತ್ರ ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಅಂಗಡಿಯ ಯಜಮಾನರು, ಅಂದರೆ ಬೀದಿಯ ಹಸುಳೆಯಿಂದ ಹಿಡಿದು ಹಲ್ಲಿಲ್ಲದ ಅಜ್ಜನವರೆಗೆ ಎಲ್ಲರ ಬಾಯಲ್ಲೂ ಕನ್ನಡಕದ ಮಾವ, ಒಂದು ಫ್ರೇಮಿನ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲವರು. ಮೂಗಿನ ಮೇಲೆ ಹೇಗೆ ಕೂರುತ್ತದೆ, ಕಿವಿಯ ಹಿಂದೆ ಎಲ್ಲಿ ಒತ್ತುತ್ತದೆ, ದುಂಡು ಮುಖಕ್ಕೆ ಚೌಕ ಯಾಕೆ ಒಪ್ಪುತ್ತದೆ, ಎಲ್ಲ ಹೇಳುತ್ತಿದ್ದರು. ಬಣ್ಣದ ಹೆಸರು ಮಾತ್ರ ಆ ಬಾಯಿಂದ ಒಮ್ಮೆಯೂ ಉದುರಿದ್ದಿಲ್ಲ. ಗಿರಾಕಿ "ಮಾವ, ಇದು ಮರೂನಾ, ಕಂದಾ?" ಎಂದರೆ ಸಾಕು, ಒಳಗಡೆ ತಿರುಗಿ "ಲೇ, ಸ್ವಲ್ಪ ಬಾರೆ, ಬಣ್ಣ ನಿನ್ನ ಡಿಪಾರ್ಟ್‌ಮೆಂಟು" ಎನ್ನುತ್ತಿದ್ದರು. ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು ಬಣ್ಣ ಹೇಳಿ ಹೋಗುತ್ತಿದ್ದರು. ಎಂಥ ಹೊಂದಾಣಿಕೆಯ ಗಂಡ ಹೆಂಡತಿ ಅಂತ ಜನ ಮೆಚ್ಚಿಕೊಳ್ಳುತ್ತಿದ್ದರು.

ನಿಜ ಏನೆಂದರೆ ಮಾವನಿಗೆ ಬಣ್ಣಗಳ ಗುರುತು ಹತ್ತುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ. ಕೆಂಪು, ಹಸಿರು, ಕಂದು ಮೂರೂ ಅವರ ಪಾಲಿಗೆ ಒಂದೇ ಮನೆಯ ದಾಯಾದಿಗಳು. ಒಬ್ಬೊಬ್ಬರೇ ಬಂದರೆ ಇವನು ಇಂಥವನಿರಬೇಕು ಅಂತ ಊಹಿಸಬಹುದು, ಒಟ್ಟಿಗೆ ನಿಂತರೆ ಯಾರು ಯಾರ ಮಗನೋ ದೇವರೇ ಬಲ್ಲ. ಚಿಕ್ಕವರಿದ್ದಾಗ ಹಸಿರು ಕುದುರೆ ಬರೆದದ್ದಕ್ಕೆ ಡ್ರಾಯಿಂಗ್ ಮೇಷ್ಟ್ರು ಆ ಕುದುರೆಯನ್ನು ಕ್ಲಾಸಿಂದ ಕ್ಲಾಸಿಗೆ ಮೆರವಣಿಗೆ ಮಾಡಿಸಿದ್ದರು. ಅಂದಿನಿಂದ ಮಾವ ಯಾವುದಕ್ಕೂ ಬಣ್ಣ ಹಚ್ಚಿದವರಲ್ಲ. ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಯಲ್ಲಿ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ಬೆಳಕಿನಲ್ಲಿ ಅಕ್ಷರ ತೋರಿಸುವ ಹಲಗೆ ಇತ್ತಲ್ಲ, ಅಲ್ಲೂ ಅವರ ಪ್ರಶ್ನೆ "ಎಡಗಡೇದು ಚೆನ್ನಾಗಿ ಕಾಣತ್ತೋ, ಬಲಗಡೇದೋ" ಅಷ್ಟೇ. ಲೈಸೆನ್ಸಿಗೆ ಬಣ್ಣದ ಪರೀಕ್ಷೆ ಬೇಕು ಅಂತ ಬಂದವರನ್ನು ನೇರ ಆಸ್ಪತ್ರೆಗೆ ಅಟ್ಟುತ್ತಿದ್ದರು. ನಂಬರ್ ತೆಗೆಯುವುದರಲ್ಲಿ ಅವರ ಕೈ ಪಕ್ಕಾ, ಅದಕ್ಕೆ ಬಣ್ಣದ ಹಂಗೇ ಇಲ್ಲ. ಆದರೆ ಜನಕ್ಕೆ ಅದನ್ನೆಲ್ಲ ಯಾರು ಬಿಡಿಸಿ ಹೇಳುತ್ತಾರೆ? ತನ್ನ ಕಣ್ಣೇ ನೆಟ್ಟಗಿಲ್ಲದವನ ಹತ್ತಿರ ಯಾರು ಕಣ್ಣು ತೋರಿಸುತ್ತಾರೆ? ಗೊತ್ತಾದ ಮರುದಿನವೇ ಅಂಗಡಿಗೆ ಶಟರ್ ಎಳೆಯಬೇಕು ಅನ್ನುವುದು ಮಾವನ ನಂಬಿಕೆ. ಆ ಗುಟ್ಟು ಗೊತ್ತಿದ್ದದ್ದು ಅತ್ತೆಗೊಬ್ಬರಿಗೇ.

ಹೀಗಿರುವಾಗ ಎದುರು ಮನೆಯ ಮಹಡಿಯಿಂದ ಹೆಡ್ ಮಿಸ್ ಇಳಿದು ಬಂದರು. ಹೆಡ್ ಮಿಸ್ ಅಂದರೆ ಶಾಲೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಬೀದಿಯನ್ನೇ ಒಂದು ದೊಡ್ಡ ತರಗತಿ ಅಂದುಕೊಂಡವರು. ಅವರಿಗೊಂದು ಯೋಚನೆ ಬಂದಿತ್ತು. ಬೀದಿಯ ಎಲ್ಲ ಮನೆಯವರೂ ತಲಾ ಒಂದು ಬಟ್ಟೆಯ ತುಂಡನ್ನು ತಮ್ಮ ಕೈಯಾರೆ ನೀಲಿಯಲ್ಲಿ ಅದ್ದಿ ಬಣ್ಣ ಕಟ್ಟುವುದು, ಎಲ್ಲ ಸೇರಿಸಿ ಒಂದು ದೊಡ್ಡ ಕೌದಿ ಹೊಲಿಯುವುದು, ಅದನ್ನು ಚೀಟಿ ಎತ್ತುವ ಆಟಕ್ಕೆ ಇಟ್ಟು ಬಂದ ಹಣದಲ್ಲಿ ಬೀದಿ ಕೊನೆಯ ಶಾಲೆಯ ಮಕ್ಕಳಿಗೆ ಕನ್ನಡಕ ಕೊಡಿಸುವುದು.

"ಕನ್ನಡಕ ಅಂದ್ಮೇಲೆ ನೀವು ಇರ್ಲೇಬೇಕು" ಅಂದರು ಮಿಸ್.

"ನಾನು ಕನ್ನಡಕ ಮಾಡ್ಕೊಡ್ತೀನಿ ಮಿಸ್, ಮಜೂರಿ ಬೇಡ. ಈ ಬಣ್ಣಗಿಣ್ಣ ಮಾತ್ರ ನಂಗಾಗಲ್ಲ."

"ಆಗಲ್ಲ ಅನ್ನೋರಿಗೆ ನನ್ನ ಕ್ಲಾಸಲ್ಲಿ ಜಾಗ ಇಲ್ಲ. ನಿಮ್ಮ ಹಿತ್ತಲಲ್ಲಿ ನಲ್ಲಿ ಇದೆ, ಮೋರಿ ಇದೆ. ಡ್ರಮ್ ಅಲ್ಲೇ ಇಡ್ತೀವಿ. ರೂಲ್ಸ್ ಎರಡೇ. ಬಿಳಿ ಹತ್ತಿ ಬಟ್ಟೆ ಮಾತ್ರ, ನೀಲಿ ಬಣ್ಣ ಮಾತ್ರ. ಬೇರೆ ಏನಾದ್ರೂ ಕಂಡ್ರೆ ತುಂಡು ವಾಪಸ್, ಹೆಸರು ಬೋರ್ಡ್ ಮೇಲೆ."

ಬೋರ್ಡ್ ಯಾವುದು ಅಂತ ಯಾರೂ ಕೇಳಲಿಲ್ಲ. ಮಿಸ್ ಹೇಳಿದ ಮೇಲೆ ಎಲ್ಲೋ ಒಂದು ಬೋರ್ಡ್ ಇರಲೇಬೇಕು.

ಅದೇ ಹೊತ್ತಿಗೆ ಅತ್ತೆಯ ತಂಗಿ ಮಗಳಿಗೆ ಹೆರಿಗೆ ಹತ್ತಿರ ಬಂದು ಅತ್ತೆ ಬೇರೆ ಊರಿಗೆ ಹೊರಟರು. ಹೊರಡುವಾಗ ಬಾಗಿಲಲ್ಲಿ ನಿಂತು, ಮಗುವನ್ನು ಬಿಟ್ಟು ಹೋಗುವ ತಾಯಿಯ ಹಾಗೆ ಹೇಳಿದರು. "ರೀ, ನಾನು ಬರೋತನಕ ಬಂದವರಿಗೆಲ್ಲ ಕಪ್ಪು ಫ್ರೇಮ್ ಮಾರಿ. ಮೇಲಿನ ಡ್ರಾಯರ್ ಪೂರ್ತಿ ಕಪ್ಪು. ಕೆಳಗಿಂದಕ್ಕೆ ಕೈ ಹಾಕಿದ್ರೆ ನೋಡಿ ಮತ್ತೆ."

"ಹಾಕಲ್ಲ ಮಾರಾಯ್ತಿ, ಹೋಗು" ಅಂದರು ಮಾವ. ಕೆಳಗಿನದಕ್ಕೂ ಕೈ ಹಾಕಿದ್ದು ಆಮೇಲೆ ಗೊತ್ತಾಯಿತು ಅನ್ನಿ.

ಬಣ್ಣದ ಕೆಲಸದ ಯಜಮಾನಿಕೆ ಟೈಲರಣ್ಣನ ಹೆಂಡತಿಯದು. ಆಕೆಯ ತವರು ಬಣ್ಣ ಹಾಕುವವರ ಮನೆ, ಅದಕ್ಕೇ ಆಕೆ ಬಣ್ಣದಕ್ಕ. ಬಣ್ಣದಕ್ಕ ಹಿತ್ತಲಿಗೆ ಡ್ರಮ್ ಉರುಳಿಸಿಕೊಂಡು ಬಂದು, ಬಿಸಿ ನೀರು ಸುರಿದು, ನೀಲಿ ಪುಡಿ ಕಲಸಿ, ಸುಣ್ಣ ಹಾಕಿ, ಬೆಲ್ಲ ಹಾಕಿ, ಮುಚ್ಚಳದ ಮೇಲೊಂದು ಹಳೇ ಕಂಬಳಿ ಹೊದಿಸಿ, ಬಾಣಂತಿಯನ್ನು ಮಲಗಿಸಿದ ಹಾಗೆ ಮಲಗಿಸಿದಳು. ಬೇಕರಿಯವನು ಸಹಾಯ ಮಾಡುವ ಹುರುಪಿನಲ್ಲಿ ಕಂಬಳಿ ಸರಿಸಿ ದೊಡ್ಡ ಕೋಲಿನಿಂದ ಗರಗರ ತಿರುಗಿಸಲು ಹೋದ.

"ಏಯ್, ಬಿಡೋ ಅದನ್ನ. ಕೇಕ್ ಹಿಟ್ಟಲ್ಲ ಅದು. ಗಾಳಿ ಸೇರಿದ್ರೆ ಸತ್ತೇ ಹೋಗತ್ತೆ."

"ಬಣ್ಣ ಸಾಯತ್ತಾ ಅಕ್ಕ?"

"ಸಾಯತ್ತೆ. ಅದಕ್ಕಿಂತ ಮೊದಲು ನಿನ್ನನ್ನ ಸಾಯಿಸ್ತೀನಿ, ಹೋಗು ಬನ್ ಸುಡು."

ಡ್ರಮ್ ಹದಕ್ಕೆ ಬಂದ ಬೆಳಿಗ್ಗೆ ಬಣ್ಣದಕ್ಕ ಮುಚ್ಚಳ ತೆಗೆದಳು. ಮೇಲೆ ತಾಮ್ರದ ಹೊಳಪಿನ ಕೆನೆ, ನಡುವೆ ನೊರೆಯ ಗುಡ್ಡೆ, ಮೂಗಿಗೆ ಹಳೇ ಕೊಟ್ಟಿಗೆಯ ವಾಸನೆ. ಮಾವ ಶರಟಿನ ತೋಳು ಮಡಚದೆ, ಬಾಗಿಲಿಗೆ ಒರಗಿ, ಹೇಗೆ ತಪ್ಪಿಸಿಕೊಳ್ಳುವುದು ಅಂತ ನೋಡುತ್ತಿದ್ದರು. ಬಣ್ಣದಕ್ಕ ದಾರದಿಂದ ಗಂಟು ಗಂಟು ಕಟ್ಟಿದ ಬಿಳಿ ತುಂಡೊಂದನ್ನು ಮೆಲ್ಲಗೆ ಒಳಗಿಳಿಸಿದಳು, ನೀರೊಳಗೇ ಹಿಂಡಿದಳು, ಹನಿ ಬೀಳದ ಹಾಗೆ ಮೇಲೆತ್ತಿ ತಂತಿಗೆ ಹಾಕಿದಳು.

ಬಟ್ಟೆ ಮೇಲೆ ಬಂದಾಗ ಮಾವನ ಕಣ್ಣಿಗೆ ಹಳೇ ಪೇಪರಿನ ಹಳದಿ. ಆಮೇಲೆ, ಅವರು ನೋಡುತ್ತಿದ್ದ ಹಾಗೇ, ಅಂಚಿನಿಂದ ನೀಲಿ ಹತ್ತಿಕೊಂಡಿತು. ಯಾರೂ ಮುಟ್ಟಿಲ್ಲ, ಯಾರೂ ಏನೂ ಹಚ್ಚಿಲ್ಲ, ಗಾಳಿಯೊಂದೇ. ಹಳದಿ ಓಡುತ್ತಿದೆ, ನೀಲಿ ಅಟ್ಟಿಸಿಕೊಂಡು ಬರುತ್ತಿದೆ, ಮಡಿಕೆಯ ಒಳಗೆಲ್ಲ ನುಗ್ಗುತ್ತಿದೆ. ಮಾವನಿಗೆ ಜಗತ್ತಿನಲ್ಲಿ ನಂಬಿಕೆ ಇದ್ದ ಬಣ್ಣಗಳು ಎರಡೇ ಎರಡು, ಹಳದಿ ಮತ್ತು ನೀಲಿ. ಆ ಎರಡೇ ಸೇರಿ ಅವರ ಮೂಗಿನ ಮುಂದೆ ಕುಸ್ತಿ ಆಡುತ್ತಿದ್ದವು. ಇಷ್ಟು ಚೆನ್ನಾಗಿ ಒಂದು ಬಣ್ಣ ಹುಟ್ಟುವುದನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ.

"ಹಸಿರಿದ್ದದ್ದು ನೀಲಿ ಆಯ್ತು ನೋಡಿ" ಅಂದಳು ಬಣ್ಣದಕ್ಕ.

"ಹೂಂ, ಹಸಿರು ಹಸಿರು" ಅಂದರು ಮಾವ. ಹಸಿರು ಹಾಳಾಗಿ ಹೋಗಲಿ. "ಇನ್ನೊಂದು ಸಲ ಮಾಡಮ್ಮ."

ಮೂರನೆಯ ತುಂಡಿಗೆ ತೋಳು ಮೊಣಕೈಗೇರಿತ್ತು. ಮಧ್ಯಾಹ್ನದ ಹೊತ್ತಿಗೆ ಬಣ್ಣದಕ್ಕನನ್ನೇ ಪಕ್ಕಕ್ಕೆ ಸರಿಸಿ ಮಾವ ಡ್ರಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ತಮ್ಮ ತುಂಡಿಗೆ ಬೇರೆಯವರ ಹಾಗೆ ಚಿತ್ತಾರಕ್ಕಂತ ಮಣಿ, ಗುಂಡಿ ಕಟ್ಟಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೇ ಲೆನ್ಸುಗಳನ್ನು ತಂದು, ಮಡಚಿದ ಬಟ್ಟೆಯ ಹಿಂದೊಂದು ಮುಂದೊಂದು ಇಟ್ಟು, ಕ್ಲಿಪ್ ಹಾಕಿ ಬಿಗಿದರು. ಅದ್ದಿ, ಎತ್ತಿ, ಆರಿಸಿ, ಮತ್ತೆ ಅದ್ದಿ, ಕ್ಲಿಪ್ ಬಿಚ್ಚಿದರೆ ಕಡುನೀಲಿಯ ನಡುವೆ ದುಂಡಗಿನ ಬಿಳಿ ಕಣ್ಣುಗಳು ಪಿಳಿಪಿಳಿ. ಮಾವ ಅದನ್ನು ಹಿಡಿದುಕೊಂಡು ಟೈಲರಣ್ಣನ ಅಂಗಡಿಗೆ ಹೋದರು, ಬೇಕರಿಗೆ ಹೋದರು, ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟಿನವನನ್ನು ನಿಲ್ಲಿಸಿ ತೋರಿಸಿದರು.

ಆಮೇಲೆ ಅವರಿಗೆ ಹುಚ್ಚೇ ಹಿಡಿಯಿತು. ಕರ್ಚೀಫು ನೀಲಿ. ಟವೆಲ್ಲು ನೀಲಿ. ಕನ್ನಡಕ ಒರೆಸುವ ಬಟ್ಟೆಗಳೆಲ್ಲ ನೀಲಿ. ಬನಿಯನ್ನುಗಳನ್ನು ಒಂದೊಂದು ಛಾಯೆಯಲ್ಲಿ ಅದ್ದಿ ತಂತಿಯ ಮೇಲೆ ಸಾಲಾಗಿ ನೇತು ಹಾಕಿ, ತಿಳಿಯಿಂದ ಕಡುವಿನವರೆಗೆ ನೋಡುತ್ತ ನಿಂತರೆ ಗಿರಾಕಿ ಕೂಗಿದ್ದೂ ಕೇಳಿಸುತ್ತಿರಲಿಲ್ಲ. ಕೈ ಮೊಣಕೈವರೆಗೂ ನೀಲಿ, ಉಗುರಂತೂ ಕಪ್ಪು ದ್ರಾಕ್ಷಿ. ಕಣ್ಣು ತೋರಿಸಲು ಬಂದವರು ಆ ಕೈ ರೆಪ್ಪೆಯ ಹತ್ತಿರ ಬಂದಾಗ ಸ್ವಲ್ಪ ಹಿಂದೆ ಸರಿಯುತ್ತಿದ್ದರು.

"ಗಾಬರಿ ಆಗ್ಬೇಡಿ, ತೊಳೆದಿದೀನಿ" ಅನ್ನುತ್ತಿದ್ದರು ಮಾವ. "ನೀಲಿ ನೋಡಿ, ಯಾರ ಮಾತೂ ಕೇಳಲ್ಲ. ಒಂದು ಸಲ ಹಿಡೀತು ಅಂದ್ರೆ ಹಿಡೀತು. ಎಡಗಡೇದು ಚೆನ್ನಾಗಿ ಕಾಣತ್ತೋ, ಬಲಗಡೇದೋ?"

ಎಲ್ಲ ಮನೆಗಳ ತುಂಡುಗಳೂ ಬಂದು ಸೇರಿದ ಮೇಲೆ ಹೆಡ್ ಮಿಸ್ ಬೀದಿಯನ್ನು ಸೇರಿಸಿ ಹೇಳಿದರು, "ಯಾವ ತುಂಡು ಎಲ್ಲಿ ಬರಬೇಕು ಅನ್ನೋದನ್ನ ಕನ್ನಡಕದವರೇ ನೋಡ್ಲಿ. ಬೀದೀಲಿ ಕಣ್ಣಿನ ವಿಷಯ ಗೊತ್ತಿರೋದು ಅವರೊಬ್ಬರಿಗೇ." ಹೇಳಿ ಮಿಸ್ ತಾವೇ ಯಾಕೋ ಸ್ವಲ್ಪ ಬಿಳಿಚಿಕೊಂಡರು. ಅದು ಯಾರ ಗಮನಕ್ಕೂ ಬರಲಿಲ್ಲ. ಮಾವನಂತೂ ಆ ಹೊತ್ತಿಗೆ ಮೋಡದ ಮೇಲಿದ್ದರು. ಎಲ್ಲ ನೀಲಿಯೇ ಅಲ್ಲವೇ, ಇದರಲ್ಲಿ ಸಿಕ್ಕಿಬೀಳುವುದಕ್ಕೆ ಏನಿದೆ?

ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು, ಕುರ್ಚಿಗಳನ್ನೆಲ್ಲ ಬದಿಗೆ ತಳ್ಳಿ, ನೆಲದ ಮೇಲೆ ತುಂಡುಗಳನ್ನು ಹರಡಿದರು. ಬದುಕಿಡೀ ವಸ್ತುಗಳನ್ನು ಬಣ್ಣದಿಂದಲ್ಲ, ಎಷ್ಟು ತಿಳಿ ಎಷ್ಟು ದಟ್ಟ ಅನ್ನುವುದರಿಂದಲೇ ಗುರುತಿಸಿದ ಮನುಷ್ಯ. ಹೆಚ್ಚು ದಟ್ಟವಾದವು ಅಂಚಿಗೆ, ಅವುಗಳ ಒಳಗೆ ಸ್ವಲ್ಪ ಕಡಿಮೆ, ಅವುಗಳ ಒಳಗೆ ಇನ್ನೂ ಕಡಿಮೆ, ಹೀಗೆ ಮಂಡಿಯೂರಿ ಹರಿದಾಡುತ್ತ ಜೋಡಿಸುತ್ತ ಹೋದರೆ ನೆಲ ಒಂದು ದೊಡ್ಡ ಬಾವಿಯಂತಾಯಿತು, ನಡುವಿನಿಂದ ಬೆಳಕು ಉಕ್ಕುವ ಬಾವಿ. ಕೊನೆಗೆ ನಡುವಿನ ಒಂದು ಜಾಗ ಉಳಿಯಿತು. ಅಲ್ಲಿಗೆ ಎಲ್ಲಕ್ಕಿಂತ ತಿಳಿಯಾದದ್ದು ಬೇಕು. ಹುಡುಕಿದರು. ರಾಶಿಯ ಅಡಿಯಲ್ಲಿ, ನಾಲ್ಕು ಮಡಿಕೆ ಮಾಡಿ, ಬೇರೊಂದು ತುಂಡಿನ ಒಳಗೆ ತುರುಕಿದ್ದ ಒಂದು ತುಂಡು ಸಿಕ್ಕಿತು. ಒಂದೇ ಸಲ ಅದ್ದಿದ್ದು, ಬೆಳಗಿನ ಆಕಾಶದ ಹಾಗೆ ತಿಳಿ. ಮಾವ ಅದನ್ನು ಬಿಚ್ಚಿ, ತಟ್ಟಿ, ಕೌದಿಯ ನಟ್ಟನಡುವೆ ಇಟ್ಟು, ಎದ್ದು ನಿಂತು, ಸೊಂಟ ಹಿಡಿದುಕೊಂಡು, ಒಬ್ಬರೇ ನಕ್ಕರು.

ಮರುದಿನ ಟೈಲರಣ್ಣ ಬಂದು ನೋಡಿದ. ನಡುವನ್ನು ನೋಡಿದ. ಮಾವನ ಮುಖ ನೋಡಿದ. ಮತ್ತೆ ನಡುವನ್ನು ನೋಡಿದ.

"ಇದು... ಹೀಗೇ ಇರ್ಲಾ ಮಾವ?"

"ಹೀಗೇ ಇರ್ಲಿ. ಅದೇ ಅದರ ಜೀವ."

ಟೈಲರಣ್ಣ ತಲೆ ಕೆರೆದುಕೊಂಡು ಹೊಲಿದ. ಕನ್ನಡಕದವರೇ ಇಟ್ಟಿದ್ದಾರೆ ಅಂದ ಮೇಲೆ ಏನೋ ಇರಬೇಕು, ಕತ್ತರಿ ಹಿಡಿದವನು ಕಣ್ಣಿನವರಿಗೆ ಹೇಳುವುದೇನು?

ಕೌದಿಯ ಕೆಳಗೆ ಇನ್ನೊಂದು ಅರಿವೆ ಕೊಟ್ಟು, ಸುತ್ತ ಕೂತು ಕೈಹೊಲಿಗೆ ಹಾಕುವ ದಿನ ಬೀದಿಯ ಅರ್ಧ ಜನ ಟೈಲರ್ ಅಂಗಡಿಯಲ್ಲಿದ್ದರು. ಎಲ್ಲರೂ ನಡುವನ್ನು ನೋಡಿದರು, ಎಲ್ಲರೂ ಪಕ್ಕದವರ ಮುಖ ನೋಡಿದರು, ಯಾರೂ ತುಟಿ ಬಿಚ್ಚಲಿಲ್ಲ. ಬಣ್ಣದಕ್ಕ ಕೆಮ್ಮಿದಳು. ಬೇಕರಿಯವನು "ನಡುವಿಂದು ಭಾರಿ ಇದೆ" ಅಂದು ಬಾಯಿಗೆ ಬನ್ ತುರುಕಿಕೊಂಡ. ಮಾವ ಹಿಗ್ಗಿ ಹೀರೇಕಾಯಿ ಆದರು. ಹೆಡ್ ಮಿಸ್ ಮಾತ್ರ ಸೂಜಿ ಹಿಡಿದವರು ಒಂದು ಹೊಲಿಗೆಯನ್ನೂ ಹಾಕದೆ, ತಲೆನೋವು ಅಂತ ಎದ್ದು ಹೋದರು.

ಚೀಟಿ ಎತ್ತುವ ದಿನ ಬೆಳಿಗ್ಗೆ ಅತ್ತೆ ಊರಿಂದ ಬಂದು ಇಳಿದರು. ಕೌದಿ ಅಂಗಡಿಯ ಕೌಂಟರಿನ ಮೇಲೆ ಹರಡಿತ್ತು. ಅತ್ತೆ ಮೊದಲು ಗಂಡನ ಕೈ ನೋಡಿದರು, ಆಮೇಲೆ ತಂತಿಯ ಮೇಲಿನ ಬನಿಯನ್ನು ನೋಡಿದರು, ಕೊನೆಗೆ ಕೌದಿ ನೋಡಿದರು. ಬ್ಯಾಗು ಕೈಯಲ್ಲೇ ಉಳಿಯಿತು.

"ರೀ, ನಡುವೆ ಏನಿದು?"

"ಚೆನ್ನಾಗಿದೆ ಅಲ್ವಾ? ತಿಳಿನೀಲಿ."

"ತಿಳಿನೀಲಿ ಅಲ್ಲ, ನಿಮ್ಮ ತಲೆ. ನೇರಳೆ ಅದು. ಒಳ್ಳೇ ಗುಲಾಬಿ ಕಡೆ ತಿರುಗಿರೋ ನೇರಳೆ. ಯಾರೋ ಗುಲಾಬಿ ಬಟ್ಟೇನ ನೀಲೀಲಿ ಅದ್ದಿದಾರೆ. ಇಷ್ಟು ದೊಡ್ಡ ಸಮುದ್ರದ ಮಧ್ಯ ಲಿಪ್‌ಸ್ಟಿಕ್ ಹಚ್ಕೊಂಡ ಹಾಗೆ ಕೂತಿದೆ."

ಮಾವ ಪರೀಕ್ಷೆಯ ಕುರ್ಚಿಯಲ್ಲಿ ಕುಸಿದರು. ಟೈಲರಣ್ಣನ ತಲೆ ಕೆರೆತ, ಬಣ್ಣದಕ್ಕನ ಕೆಮ್ಮು, ಬೇಕರಿಯವನ ಬನ್ ಎಲ್ಲ ಒಟ್ಟಿಗೆ ಅರ್ಥವಾಯಿತು. "ಬಿಚ್ಚಿ ಬೇರೆ ಹಾಕಕ್ಕಾಗಲ್ವಾ?"

"ಸಂಜೆಗೆ ಚೀಟಿ ಎತ್ತೋದು. ಅಡಿ ಅರಿವೆಗೆ ಸೇರಿಸಿ ಹೊಲಿದಾಗಿದೆ. ಬಿಚ್ಚಿದ್ರೆ ಕೌದಿ ಅಲ್ಲ, ಜರಡಿ ಆಗತ್ತೆ."

ಅಷ್ಟರಲ್ಲಿ ಹೆಡ್ ಮಿಸ್ ಒಳಗೆ ಬಂದರು. ಬಂದವರು ಬಾಗಿಲು ಹಾಕಿದರು. ಮಾವ ಅಂದುಕೊಂಡರು, ಮುಗಿಯಿತು ಕಥೆ, ಮಿಸ್‌ಗೆ ಗೊತ್ತಾಗಿದೆ. ಆದರೆ ಮಿಸ್ ಧ್ವನಿ ಮೇಷ್ಟ್ರ ಮುಂದೆ ನಿಂತ ಹುಡುಗಿಯದಾಗಿತ್ತು.

"ಒಪ್ಕೋತೀನಿ. ಆ ತುಂಡು ನಂದೇ. ಮನೇಲಿ ಬಿಳಿ ಬಟ್ಟೆ ಇರ್ಲಿಲ್ಲ, ಹಳೇ ನೈಟಿ ಕತ್ತರಿಸ್ದೆ. ಗುಲಾಬಿ ನೈಟಿ. ನೀಲಿಗೆ ಹಾಕಿದ್ರೆ ಮುಚ್ಚಿ ಹೋಗತ್ತೆ ಅಂದ್ಕೊಂಡೆ. ಒಂದು ಸಲ ಅದ್ದಿ ನೋಡಿದ್ರೆ ಹೀಗೆ. ಗಾಬರಿ ಆಗಿ ರಾಶಿ ಅಡೀಲಿ ಬಚ್ಚಿಟ್ಟೆ. ರೂಲ್ಸ್ ಮಾಡಿದವಳೇ ರೂಲ್ಸ್ ಮುರಿದೆ, ಸರಿ. ಆದ್ರೆ ನೀವು ಅದನ್ನ ಹುಡುಕಿ ತೆಗ್ದು ನಟ್ಟನಡುವೆ ಹಾಕಿ ನನ್ನ ಮಾನ ಕಳೀಬಾರದಾಗಿತ್ತು. ಇಷ್ಟು ದಿನದ ನೆರೆಹೊರೆ, ಬಂದು ಹೇಳಬಹುದಿತ್ತು. ಸಂಜೆ ನಾನು ಬರಲ್ಲ."

ಅಂಗಡಿಯ ಗೋಡೆ ತುಂಬ ಇದ್ದ ಕನ್ನಡಕಗಳೆಲ್ಲ ಮಾವನನ್ನೇ ನೋಡುತ್ತಿದ್ದವು. ಸುಮ್ಮನೆ ಇದ್ದುಬಿಟ್ಟರೆ ಆಯಿತು. ಬೇಕಂತಲೇ ಇಟ್ಟೆ, ತಮಾಷೆಗೆ ಇಟ್ಟೆ, ಏನೋ ಒಂದು ಅಂದರೆ ಗುಟ್ಟು ಉಳಿಯುತ್ತದೆ, ಅಂಗಡಿ ಉಳಿಯುತ್ತದೆ. ಎದುರಿಗೆ ಮಿಸ್, ಕೈಚೀಲದ ಹಿಡಿ ತಿರುಚುತ್ತ ನಿಂತಿದ್ದರು.

"ಮಿಸ್, ನಂಗೆ ಅದು ನೇರಳೆ ಅಂತ ಗೊತ್ತಾಗಿದ್ದೇ ಈಗ" ಅಂದರು ಮಾವ. "ಇವಳು ಹೇಳಿದ್ಮೇಲೆ. ನಂಗೆ ನೇರಳೆ ಕಾಣಲ್ಲ. ಕೆಂಪು, ಹಸಿರೂ ಸರಿಯಾಗಿ ಗೊತ್ತಾಗಲ್ಲ. ಹುಟ್ಟಿದಾಗಿಂದ."

ಮಿಸ್ ನಂಬಲಿಲ್ಲ. ಸೆರಗು ಎತ್ತಿ ಹಿಡಿದು "ಇದು?" ಅಂದರು.

"ಬೂದಿ?"

"ಗುಲಾಬಿ. ಇದು?" ಕೈಚೀಲ.

"ಕಂದು."

"ಹಸಿರು." ಮಿಸ್ ಅಂಗಡಿಯೆಲ್ಲ ಓಡಾಡಿ ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ಹಿಡಿದರು, ಪ್ರತಿ ತಪ್ಪು ಉತ್ತರಕ್ಕೂ ಅವರ ಮುಖ ಅರಳುತ್ತ ಹೋಯಿತು, ಕೊನೆಗೆ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅತ್ತೆಗೂ ತಡೆಯಲಾಗಲಿಲ್ಲ. ಮಿಸ್ ಕಣ್ಣೊರೆಸಿಕೊಂಡು ಹೇಳಿದರು, "ಅಯ್ಯೋ, ನಾನು ಊಟ ಬಿಟ್ಟು ಅತ್ತಿದೀನಿ. ಈ ಮನುಷ್ಯನಿಗೆ ಕಾಣೋದೇ ಇಲ್ವಲ್ಲ. ಸರಿ, ನಿಮ್ಮದು ನನ್ನ ಹೊಟ್ಟೇಲಿ, ನಂದು ನಿಮ್ಮ ಹೊಟ್ಟೇಲಿ. ಯಾರಿಗೂ ಗೊತ್ತಾಗೋದು ಬೇಡ."

ಸಂಜೆ ಬೀದಿಯ ದವಾಖಾನೆಯ ಮಹಡಿಯ ಹಾಲ್ ತುಂಬಿ ತುಳುಕುತ್ತಿತ್ತು. ಕೌದಿಯನ್ನು ಗೋಡೆಗೆ ಹರಡಿ ತೂಗು ಹಾಕಿದ್ದರು. ದೂರದಿಂದ ನೋಡಿದರೆ ನಿಜಕ್ಕೂ ಬಾವಿಯೇ, ಇಣುಕಿದರೆ ಬಿದ್ದೇವು ಅನ್ನುವ ಹಾಗೆ. ನಡುವಿನಲ್ಲಿ ನೈಟಿ. ಹೆಡ್ ಮಿಸ್ ಮೈಕ್ ಹಿಡಿದು ಬಿಳಿ ಹತ್ತಿ, ಶುದ್ಧ ನೀಲಿ, ಶಿಸ್ತು ಅಂತೆಲ್ಲ ಶುರು ಮಾಡಿದ್ದರು, ಅಷ್ಟರಲ್ಲಿ ಬೇಕರಿಯವನಿಗೆ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿತ್ತು.

"ಮಿಸ್, ಎಲ್ಲ ಸರಿ. ನಡುವಿನ ನೇರಳೆ ಯಾರದು? ಅವರ ಹೆಸರು ಬೋರ್ಡಿಗೆ ಬರಲ್ವಾ?"

ಇಷ್ಟು ದಿನ ಎಲ್ಲರ ನಾಲಿಗೆ ತುದಿಯಲ್ಲಿದ್ದದ್ದು ಅದೇ ತಾನೇ. ಮಿಸ್ ಮೈಕನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು, ಅದು ಕೊಂಯ್ಯೆಂದಿತು. ಮೂರನೆಯ ಸಾಲಿನಲ್ಲಿ ಕೂತಿದ್ದ ಮಾವನಿಗೆ ತಾನು ಎದ್ದದ್ದು ಯಾವಾಗ ಅಂತಲೇ ಗೊತ್ತಾಗಲಿಲ್ಲ, ಗೊತ್ತಾದಾಗ ಎರಡು ನೀಲಿ ಕೈಗಳು ಎದೆಯ ಮುಂದೆ ಇದ್ದವು, ಎಲ್ಲರೂ ಅವರನ್ನೇ ನೋಡುತ್ತಿದ್ದರು.

"ತುಂಡು ಯಾರದಾದ್ರೂ ಆಗ್ಲಿ. ಅಲ್ಲಿಟ್ಟವನು ನಾನು. ನಂಗೆ ಅದು ನೀಲಿನೇ. ಈಗ್ಲೂ ನೀಲಿನೇ ಕಾಣ್ತಿದೆ. ನಂಗೆ ಕೆಲವು ಬಣ್ಣ ಗೊತ್ತಾಗಲ್ಲ. ನಿಮ್ಮ ಕಣ್ಣಿನ ನಂಬರ್ ತೆಗೆಯೋದಕ್ಕೆ ಅದು ಅಡ್ಡಿ ಇಲ್ಲ, ಆದ್ರೆ ಹೇಳಕ್ಕೆ ಹೆದರ್ತಿದ್ದೆ. ಇನ್ಮೇಲೆ ಬರೋದು ಬಿಡೋದು ನಿಮ್ಮಿಷ್ಟ."

ಆಮೇಲೆ ಮೈಕಿನಲ್ಲಿ ಮಿಸ್ ಧ್ವನಿ. "ಆ ತುಂಡು ನಂದು. ನೈಟಿ."

ಯಾರೋ ಕಿಸಕ್ಕೆಂದರು. ಮಿಸ್ ಬಾಯಲ್ಲಿ ನೈಟಿ ಅನ್ನುವ ಪದ, ಅದೂ ಮೈಕಿನಲ್ಲಿ. ಟೈಲರಣ್ಣ ಸೀಟಿನಲ್ಲೇ ಒದ್ದಾಡಿ ಎದ್ದ. "ಹಾಗಾದ್ರೆ ನಂದೂ ಹೇಳಿಬಿಡ್ತೀನಿ. ನನ್ನ ಬಟ್ಟೆ ಅರ್ಧ ಪಾಲಿಯೆಸ್ಟರ್, ಎಷ್ಟು ಅದ್ದಿದ್ರೂ ಬಣ್ಣ ಹತ್ಲಿಲ್ಲ. ನನ್ನ ಹೆಸರಲ್ಲಿರೋದು ಇವಳು ಮಾಡಿದ್ದು."

"ನಂದೂ ಒಂದಿದೆ" ಅಂದಳು ಬಣ್ಣದಕ್ಕ. "ನಾನು ನಂದನ್ನ ಹನ್ನೊಂದು ಸಲ ಅದ್ದಿದೀನಿ. ಎಲ್ಲರಿಗೂ ನಾಲ್ಕೇ ಸಲ ಅಂತ ಹೇಳಿ." ಹಿಂದಿನ ಸಾಲಿನಿಂದ ಇನ್ನೊಬ್ಬರು, ತಮ್ಮದು ಹೋಟೆಲಿನ ದಿಂಬಿನ ಚೀಲ, ಅದನ್ನು ಹೋಟೆಲಿನವರಿಗೆ ಹೇಳಿಲ್ಲ ಅಂದರು. ಬೇಕರಿಯವನ ಮುಖ ಸಣ್ಣದಾಗುತ್ತ ಬಂದಿತ್ತು. "ನೀನು ಬೋರ್ಡ್ ಬೋರ್ಡ್ ಅಂತಿದ್ಯಲ್ಲ, ನಿಂದೇನಪ್ಪ?" ಅಂತ ಎಲ್ಲರೂ ತಿರುಗಿದರು.

"ಮೈದಾ ಚೀಲ" ಅಂದ ಬೇಕರಿಯವನು. "ಒಳಗಡೆ ಇನ್ನೂ ಕಂಪನಿ ಹೆಸರಿದೆ." ಆಮೇಲೆ ಏನೋ ನೆನಪಾಗಿ ಕನ್ನಡಕ ತೆಗೆದು ನೋಡಿದ. "ಮಾವ, ಅತ್ತೆ ಇಲ್ಲದಾಗ ನಂಗೆ ಕೊಟ್ರಲ್ಲ, ಇದು ಯಾವ ಬಣ್ಣ?"

"ಕಂದು" ಅಂದರು ಮಾವ.

"ಟೊಮೆಟೊ ಕೆಂಪು" ಅಂದರು ಅತ್ತೆ.

"ಮತ್ತೆ ನಾನು ನಿಮ್ಮನ್ನ ನಂಬಿ ಕಂದು ಕಂದು ಅಂತ ಮನೆಯವಳ ಜೊತೆ ಜಗಳ ಆಡಿದ್ನಲ್ಲ ಮಾವ" ಅಂದ ಅವನು, ಅಳುವ ಧ್ವನಿಯಲ್ಲಿ, ಅಷ್ಟೇ ಸಾಕಾಯಿತು, ಹಾಲ್ ಹಾಲೇ ನಗುವಿನಲ್ಲಿ ಉರುಳಿಹೋಯಿತು. ಚೀಟಿ ಎತ್ತುವಾಗ ಮಿಸ್ ನಗುವಿನ ಭರಕ್ಕೆ ಡಬ್ಬವೇ ಬೋರಲಾಯಿತು, ಬಗ್ಗಿ ಆಯ್ದ ಮೊದಲ ಚೀಟಿಯನ್ನೇ ಓದಿದರು, ದವಾಖಾನೆಯ ಆಯಾಗೆ ಕೌದಿ ಬಂತು. ಆಕೆ ಅದನ್ನು ಅಲ್ಲೇ ಹೊದ್ದುಕೊಂಡು ಸುತ್ತು ಹಾಕಿದಳು, ಬೆನ್ನ ನಡುವೆ ನೇರಳೆ ಕುಣಿಯುತ್ತಿತ್ತು.

ಆದರೂ ಮಾವನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಗುವುದು ಬೇರೆ, ಕಣ್ಣು ಒಪ್ಪಿಸುವುದು ಬೇರೆ. ಬೆಳಿಗ್ಗೆ ಶಟರ್ ಎತ್ತಿದರೆ ಮೆಟ್ಟಿಲ ಮೇಲೆ ಹೆಡ್ ಮಿಸ್ ಕೂತಿದ್ದಾರೆ.

"ಎಷ್ಟೊತ್ತು ಕಾಯಿಸ್ತೀರಿ? ಓದೋದು ಮಸುಕಾಗ್ತಿದೆ. ನಂಬರ್ ನೋಡಿ."

ನೋಡಿದರು. ಎಡ, ಬಲ, ಈಗ, ಆಗ, ಇನ್ನೊಂದು ಸಲ. ನಂಬರ್ ಸ್ವಲ್ಪ ಏರಿತ್ತು. ಫ್ರೇಮ್ ಅಂದಾಗ ಮಾವ ಅಭ್ಯಾಸಬಲದಿಂದ ಒಳಗಡೆ ತಿರುಗಿದರು. ಅತ್ತೆ ಬಾಗಿಲಲ್ಲೇ ಇದ್ದರು.

"ಅವರನ್ನ ಯಾಕೆ ಕರೀತೀರಿ?" ಅಂದರು ಮಿಸ್. "ನೀವೇ ಆರಿಸಿ."

"ಮಿಸ್, ನಂಗೆ ಬಣ್ಣ..."

"ಗೊತ್ತು. ಬೀದಿಗೇ ಗೊತ್ತು. ಆರಿಸಿ."

ಮಾವ ಕೆಳಗಿನ ಡ್ರಾಯರ್ ಎಳೆದರು. ನೀಲಿ ಬೆರಳುಗಳು ಫ್ರೇಮಿನಿಂದ ಫ್ರೇಮಿಗೆ ಹಾರಿದವು, ಮಾವ ಮಿಸ್ ಮುಖ ನೋಡಿ ಮತ್ತೆ ಡ್ರಾಯರ್ ನೋಡಿದರು, ಒಂದನ್ನು ಎತ್ತಿ, ಕಾಲು ಬಿಡಿಸಿ, ಮಿಸ್ ಮೂಗಿನ ಮೇಲೆ ಮೆಲ್ಲಗೆ ಕೂರಿಸಿದರು. ಅಪ್ಪಟ ಗಿಣಿಹಸಿರು. ಮಿಸ್ ಕನ್ನಡಿ ನೋಡಿಕೊಂಡರು. ಹುಬ್ಬು ಮೇಲೆ ಹೋಯಿತು. ಮುಖವನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ತುಟಿ ಕಚ್ಚಿಕೊಂಡು ನಗು ತಡೆದರು, ಆಮೇಲೆ ತಡೆಯಲಿಲ್ಲ.

"ಇದಕ್ಕೇ ಗಾಜು ಹಾಕಿ" ಅಂದರು.

ಹೊರಗೆ ಟೈಲರಣ್ಣ ಬಂದು ನಿಂತಿದ್ದ, ಅವನ ಹಿಂದೆ ಬೇಕರಿಯವನು, ಅವನ ಹಿಂದೆ ಇನ್ಯಾರೋ ಕೈಯಲ್ಲಿ ಎರಡು ಕಾಲುಚೀಲ ಹಿಡಿದು, ಇವೆರಡೂ ಒಂದೇ ಬಣ್ಣವೋ ಅಲ್ಲವೋ ಅಂತ ಮಾವನನ್ನು ಕೇಳಲೆಂದೇ ಸಾಲಿನಲ್ಲಿ ನಿಂತಿದ್ದರು. ಮಾವ ಹೆಂಡತಿಯ ಕಡೆ ಬಗ್ಗಿ, ಯಾರಿಗೂ ಕೇಳದ ಹಾಗೆ ಪಿಸುಗುಟ್ಟಿದರು.

"ಲೇ, ಯಾವ ಬಣ್ಣ ಕೊಟ್ಟೆ ನಾನು?"

ಅತ್ತೆ ಡ್ರಾಯರ್ ಮುಚ್ಚುತ್ತ ಹೇಳಿದರು, "ಒಪ್ಪತ್ತೆ ರೀ. ಮುಂದಿನವರನ್ನ ಕರೀರಿ."